ಸಂದು ಮುಚ್ಚುವ ಮುನ್ನ

ಆಟದ ಗಾಡಿಯ ಚಕ್ರಕ್ಕೂ ಅಚ್ಚಿಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಬೇಕೆಂಬುದು ಚನ್ನಪಟ್ಟಣ ಸೀಮೆಯ ಬೊಂಬೆ ಕೆಲಸದವರಿಗೆ ಚೆನ್ನಾಗಿ ಗೊತ್ತು. ಸಂದು ಇಲ್ಲದಿದ್ದರೆ ಚಕ್ರ ತಿರುಗದು, ಹೆಚ್ಚಾದರೆ ವಾಲಾಡುತ್ತದೆ. ಬೈರಾಪಟ್ಟಣದ ಮಗು ಎಳೆದಾಡುವ ಗಾಡಿಯ ಈ ನಿಯಮ ವಿಮಾನಕ್ಕೂ ಸಲ್ಲುತ್ತದೆ. ಆದರೆ ಅಲ್ಲಿ ಇನ್ನೊಂದು ತೊಡಕಿದೆ. ಸಂದಿನಲ್ಲಿ ಗಾಳಿ ನುಸುಳುತ್ತದೆ.

ವಿಮಾನದ ರೆಕ್ಕೆಯ ಹಿಂಬದಿಯಲ್ಲಿ ಬಾಗಿಲಿನಂತೆ ಕೀಲಿನ ಮೇಲೆ ಆಡುವ ಹಲಗೆಗಳಿರುತ್ತವೆ. ವಿಮಾನವನ್ನು ಪಕ್ಕಕ್ಕೆ ವಾಲಿಸುವ ಹಲಗೆಗೆ ಐಲೆರಾನ್ ಎಂದು ಹೆಸರು. ಮೂಗನ್ನು ಮೇಲೆ ಕೆಳಗೆ ಮಾಡುವುದು ಎಲಿವೇಟರ್. ಹಾರುವಾಗ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಈ ವ್ಯತ್ಯಾಸವೇ ವಿಮಾನವನ್ನು ಎತ್ತಿ ಹಿಡಿಯುತ್ತದೆ.

ಈ ವ್ಯತ್ಯಾಸ ಎಷ್ಟು? 750 ಕಿಲೋ ತೂಕ, 12.5 ಚದರ ಮೀಟರ್ ರೆಕ್ಕೆಯ ಪುಟ್ಟ ವಿಮಾನವೊಂದನ್ನು ಊಹಿಸಿಕೊಳ್ಳಬಹುದು. ಪ್ರತಿ ಚದರ ಮೀಟರ್ 60 ಕಿಲೋ ಹೊರಬೇಕು. ಅದು ವಾತಾವರಣದ ಒತ್ತಡದ ನೂರರಲ್ಲಿ ಒಂದು ಪಾಲೂ ಆಗದು. ಇಷ್ಟು ಕಿರಿದಾದ ವ್ಯತ್ಯಾಸದಲ್ಲಿ ಸೋರಿಕೆಗೆ ಅವಕಾಶವಿಲ್ಲ. ಒಂದೂವರೆ ಮೀಟರ್ ಉದ್ದದ ಎರಡು ಐಲೆರಾನ್‌ಗಳ ಮುಂದೆ 3 ಮಿ.ಮೀ. ಸಂದು ಉಳಿದರೆ ಒಟ್ಟು 90 ಚದರ ಸೆಂ.ಮೀ. ತೂತಾಯಿತು. ಕೆಳಗಿನ ಗಾಳಿ ಅದರಲ್ಲಿ ಮೇಲಕ್ಕೆ ನುಗ್ಗಿ ರೆಕ್ಕೆಯ ಮೇಲಿನ ಹರಿವನ್ನು ಕದಡುತ್ತದೆ. ಎತ್ತುವ ಬಲ ತಗ್ಗುತ್ತದೆ, ಗಾಳಿಯ ತಡೆ ಹೆಚ್ಚುತ್ತದೆ, ಹಲಗೆಯ ಹಿಡಿತವೂ ಸಡಿಲವಾಗುತ್ತದೆ.

ನಕ್ಷೆ ಕೊಂಡು ಸ್ವಂತ ಷೆಡ್ಡಿನಲ್ಲೇ ವಿಮಾನ ಕಟ್ಟುವವರು ಅಮೆರಿಕದಲ್ಲಿ ಸಾವಿರಾರು ಮಂದಿ. ಅಂಥವರಿಗಾಗಿ ಬರ್ಟ್ ರುಟಾನ್ ರೂಪಿಸಿದ 'ಲಾಂಗ್-ಈಝಿ' 1979ರಲ್ಲಿ ಹಾರಿತು. ಅದನ್ನೇ ಆಧಾರವಾಗಿಟ್ಟುಕೊಂಡು ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆ ಗಾಜಿನ ನಾರಿನ ಹಗುರ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅದೇ ಸಂಸ್ಥೆಯ 'ಹಂಸ' 1993ರಲ್ಲಿ ಮೊದಲ ಬಾರಿಗೆ ಹಾರಿತು.

ಸಂದು ಮುಚ್ಚುವ ಕ್ರಮ ಸರಳ. ಕೀಲಿನ ಉದ್ದಕ್ಕೂ ಬಟ್ಟೆಯ ಪಟ್ಟಿಯನ್ನು ಎರಡೂ ಕಡೆ ಅಂಟಿಸಿ, ಹಲಗೆ ಪೂರ್ತಿ ಆಡುವಷ್ಟು ಮಡಿಕೆ ಬಿಡುತ್ತಾರೆ. ಇಲ್ಲವೇ ತೆಳು ಪ್ಲಾಸ್ಟಿಕ್ ಪಟ್ಟಿಯ ಮುಂದಿನ ಅಂಚನ್ನು ರೆಕ್ಕೆಗೆ ಅಂಟಿಸಿ, ಹಿಂದಿನ ಅಂಚು ಹಲಗೆಯ ಮೇಲೆ ಜಾರುವಂತೆ ಬಿಡುತ್ತಾರೆ.

ಅಪಾಯವಿರುವುದೂ ಇಲ್ಲಿಯೇ. ಪಟ್ಟಿ ಬಿಗಿಯಾದರೆ ಹಲಗೆ ಪೂರ್ತಿ ತಿರುಗದು. ಮುಂದಿನ ಅಂಚು ಎದ್ದು ಗಾಳಿಗೆ ಸಿಕ್ಕರೆ ಆ ಬದಿಯ ರೆಕ್ಕೆ ತನ್ನ ಬಲ ಕಳೆದುಕೊಂಡು ವಿಮಾನ ಒಂದೇ ಕಡೆಗೆ ವಾಲಬಹುದು. ಹಲಗೆಯ ಹಿಂಭಾಗದಲ್ಲಿ ತೂಕ ಹೆಚ್ಚಿದರೆ ವೇಗದಲ್ಲಿ ಅದು ಪಟಪಟನೆ ಅದುರಿ ಮುರಿಯುವ ಭಯವೂ ಉಂಟು. ಆದ್ದರಿಂದಲೇ ಎರಡೂ ರೆಕ್ಕೆಗೆ ಒಂದೇ ಬಗೆಯ ಪಟ್ಟಿ ಹಾಕಬೇಕು, ಹಾರುವ ಮುನ್ನ ಪ್ರತಿ ಸಲವೂ ಕೈಯಿಂದ ಆಡಿಸಿ ನೋಡಬೇಕು.

ಹಾಗಾದರೆ ಎಲ್ಲ ಸಂದನ್ನೂ ಮುಚ್ಚಬೇಕೆ? ಕೂಡದು. ಕೆಲವನ್ನು ವಿನ್ಯಾಸಕಾರ ಬೇಕೆಂದೇ ಬಿಟ್ಟಿರುತ್ತಾನೆ. ಲಾಂಗ್-ಈಝಿಯ ಮೂಗಿನ ಬಳಿಯ ಕಿರುರೆಕ್ಕೆಯಲ್ಲಿ ಎಲಿವೇಟರಿನ ಮುಂದಿನ ಸಂದು ಅಂಥದು. ಕೆಳಗಿನಿಂದ ಅದರ ಮೂಲಕ ರಭಸವಾಗಿ ಬರುವ ಗಾಳಿ, ಮೇಲ್ಮೈಯಲ್ಲಿ ವೇಗ ಕಳೆದುಕೊಂಡ ಗಾಳಿಗೆ ಹುರುಪು ಕೊಟ್ಟು ಅದು ಮೇಲ್ಮೈ ಬಿಟ್ಟು ಕದಲದಂತೆ ತಡೆಯುತ್ತದೆ. ಇಂಥ ಸಂದನ್ನು ಮುಚ್ಚಿದರೆ ಲಾಭದ ಬದಲು ನಷ್ಟ. ಮುಚ್ಚುವ ಮುನ್ನ ಈ ಸಂದು ಏಕಿದೆ ಎಂದು ಕೇಳುವವನೇ ಒಳ್ಳೆಯ ಎಂಜಿನಿಯರು.

ವಿಮಾನವಿಲ್ಲದೆಯೂ ಇದರ ಮೊದಲ ಪಾಠವನ್ನು ಮನೆಯಲ್ಲೇ ನೋಡಬಹುದು. ಆಷಾಢದ ಗಾಳಿ ಬೀಸುವಾಗ ಮುಚ್ಚಿದ ಕಿಟಕಿಯ ಸಂದಿನ ಬಳಿ ದೊಡ್ಡವರ ಎದುರಿನಲ್ಲಿ ಊದುಬತ್ತಿ ಹಿಡಿದರೆ ಹೊಗೆ ಬಾಗುತ್ತದೆ. ಸಂದಿಗೆ ಕಾಗದದ ಪಟ್ಟಿ ಅಂಟಿಸಿದ ಮೇಲೆ ಹೊಗೆ ನೆಟ್ಟಗೆ ಏರುತ್ತದೆ. ಹೊರಗೆ ಒತ್ತಡ ಹೆಚ್ಚು, ಒಳಗೆ ಕಡಿಮೆ. ರೆಕ್ಕೆಯ ಸಂದಿನಲ್ಲಿ ನಡೆಯುವುದೂ ಇದೇ. ಆಮೇಲೆ ಆ ಕಿಟಕಿ ಸಲೀಸಾಗಿ ತೆರೆಯುತ್ತದೆಯೇ ಎಂಬುದನ್ನೂ ನೋಡಲೇಬೇಕು.