ಕಿಟಕಿಯೋ, ಪೆಂಗ್ವಿನ್ನೋ?

ಮೊನ್ನೆ ಶನಿವಾರ ನಮ್ಮ ಸ್ಟಾಫ್ ರೂಮಿನಲ್ಲಿ ಚಹಾ ಆರಿ ತಣ್ಣಗಾಯಿತು, ಯಾರೂ ಕುಡಿಯಲಿಲ್ಲ. ಎರಡು ಪಾರ್ಟಿ ಆಗಿ ಜಗಳಕ್ಕೆ ನಿಂತಿದ್ದೆವು. ಪಂಚಾಯತಿ ಚುನಾವಣೆಯ ಜಗಳ ಅಂದ್ಕೋಬೇಡಿ! ನಮ್ಮ ಲ್ಯಾಬಿನ ಎಂಟು ಕಂಪ್ಯೂಟರುಗಳಿಗೆ ವಿಂಡೋಸ್ ಇರಬೇಕೋ, ಲಿನಕ್ಸ್ ಹಾಕಬೇಕೋ ಎಂಬ ಜಗಳ.

ಆಗಿದ್ದಿಷ್ಟು. ಎಂಟೂ ವಿಂಡೋಸ್ 10ರವು. ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಮಾಮೂಲಿ ಬೆಂಬಲ ನಿಲ್ಲಿಸಿದರು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಅನ್ನೋ ಚಿಪ್ ಬೇಕು. ನಮ್ಮ ಹಳೇ ಡಬ್ಬಗಳಲ್ಲಿ ಅದೆಲ್ಲಿಂದ ಬರಬೇಕು? ಗಣಿತ ಮೇಷ್ಟ್ರು "ಎಂಟನ್ನೂ ಗುಜರಿಗೆ ಹಾಕಿ ಹೊಸವು ಎರಡು ತರೋಣ" ಅಂದರು. ವಿಜ್ಞಾನದ ಟೀಚರು "ಬ್ಯಾಡ್ರೀ ಸರ್, ಎಂಟಕ್ಕೂ ಉಬುಂಟು ಹಾಕೂಣು, ಪುಕ್ಕಟೆ" ಅಂದರು. ಅಲ್ಲಿಂದ ಶುರು. ವೈರಸ್ ಬರುತ್ತೆ ಅಂತ ಅವರು, ಪ್ರಿಂಟರ್ ನಡೆಯಲ್ಲ ಅಂತ ಇವರು. ಮಗ ಬೆಂಗಳೂರಲ್ಲಿ ಮ್ಯಾಕ್ ಇಟ್ಟುಕೊಂಡಿದ್ದಾನೆ, ಅದೇ ಬೆಸ್ಟ್ ಅಂತ ಮೂಲೆಯಿಂದ ಇನ್ನೊಬ್ಬರು. (ಅದರ ಬೆಲೆ ಕೇಳಿದ ಮೇಲೆ ಅವರೇ ಸುಮ್ಮನಾದರು.)

ನಿಜ ಹೇಳಬೇಕೆಂದರೆ ನಾನು ಇಪ್ಪತ್ತು ವರ್ಷ ವಿಂಡೋಸ್ ಪಾರ್ಟಿಯವನೇ. ಯಾಕೆ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. ಮೊನ್ನೆ ಜಗಳದ ನಡುವೆ ಹೊಳೆಯಿತು. ನನ್ನನ್ನು ವಿಂಡೋಸ್‌ಗೆ ಕಟ್ಟಿಹಾಕಿದ್ದು ಬಿಲ್ ಗೇಟ್ಸ್ ಅಲ್ಲ, ಕನ್ನಡ!

ಹೇಗೆ ಅಂತೀರಾ? 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಕರ್ನಾಟಕ ಸರ್ಕಾರವೇ ಅದನ್ನು ಉಚಿತವಾಗಿ ಹಂಚಿತು. ಎರಡೂ ನಡೆಯುತ್ತಿದ್ದದ್ದು ವಿಂಡೋಸ್‌ನಲ್ಲಿ ಮಾತ್ರ. ಆ ದಿನಗಳಲ್ಲಿ ಬರಹದವರಿಗೂ ನುಡಿಯವರಿಗೂ ನಡೆದ ವಾಗ್ಯುದ್ಧ ನೆನೆದರೆ ವಿಂಡೋಸ್-ಲಿನಕ್ಸ್ ಜಗಳ ಏನೂ ಅಲ್ಲ ಬಿಡಿ. ಆದರೆ ಕನ್ನಡ ಬೇಕೆಂದರೆ ವಿಂಡೋಸ್ ಇರಲೇಬೇಕು ಅನ್ನೋದು ಇಬ್ಬರಿಗೂ ಒಂದೇ ಆಗಿತ್ತು.

ತಮಾಷೆ ಏನು ಗೊತ್ತಾ? 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಸಿ.ಡಿ.ಯಲ್ಲೇ ಯುನಿಕೋಡ್ ಕನ್ನಡ ಇತ್ತು. 'ತುಂಗಾ' ಅಂತ ನದಿಯ ಹೆಸರಿನ ಫಾಂಟೂ ಇತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಯ ಪಟ್ಟಿ ತೆಗೆದು, ಒಂದು ಚೌಕಕ್ಕೆ ಟಿಕ್ ಹಾಕಿ, ಮತ್ತೆ ಸಿ.ಡಿ. ತೂರಿಸಿದರೆ ಮಾತ್ರ ಕಾಣಿಸುತ್ತಿತ್ತು. ಮನೆಯೊಳಗೇ ತುಂಗೆ, ಬಾಗಿಲಿಗೆ ಬೀಗ! ಇಲ್ಲಿ ಗೋವಾದಲ್ಲಿ ಕಂಪ್ಯೂಟರ್ ರಿಪೇರಿಯವರಿಗೆ ಇಂಗ್ಲಿಷ್ ಬೇಕು, ತಪ್ಪಿದರೆ ದೇವನಾಗರಿ ಬೇಕು. ಕನ್ನಡಕ್ಕೆ ಆ ಟಿಕ್ ಹಾಕುವವರು ಯಾರು?

ನನ್ನದೊಂದು ಕಥೆ ಕೇಳಿ. ಸುಮಾರು ಇಪ್ಪತ್ತು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಎರಡು ರಾತ್ರಿ ಕೂತು ಕನ್ನಡದಲ್ಲಿ ಟೈಪ್ ಮಾಡಿದೆ. ಫ್ಲಾಪಿಯಲ್ಲಿ ಹಾಕಿಕೊಂಡು ಪ್ರೆಸ್ಸಿಗೆ ಹೋದೆ. ಅಲ್ಲಿ ತೆರೆದರೆ ಮುಖ್ಯ ಅತಿಥಿಗಳ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ಅಲ್ಪವಿರಾಮಗಳ ಜಾತ್ರೆ. ಅವರ ಹತ್ತಿರ ನನ್ನ ಫಾಂಟ್ ಇರಲಿಲ್ಲ. ಕೊನೆಗೆ ಕೈಯಲ್ಲೇ ಬರೆದು ಜೆರಾಕ್ಸ್ ಹಂಚಿದೆವು. ಒಬ್ಬ ಹುಡುಗ ಕೇಳಿದ, "ಸರ್, ಕಂಪ್ಯೂಟರಿಗೆ ಕನ್ನಡ ಬರಂಗಿಲ್ಲೇನ್ರೀ?" ಅವರಪ್ಪ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ-ಹಿಂದಿ. ಆ ಮಗುವಿಗೆ ನಾನು ಏನು ಹೇಳಿದೆನೋ ನೆನಪಿಲ್ಲ, ಸರಿಯಾದ ಉತ್ತರವಂತೂ ಕೊಡಲಿಲ್ಲ.

ಇನ್ನೊಂದು ವಿಷಯ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಶಾಲೆಗೆ ಲಿನಕ್ಸ್ ಎಂಬ ಮಾತು ಗೋವಾಕ್ಕೆ ಹೊಸದಲ್ಲ. 2000ರ ದಶಕದ ಆರಂಭದಲ್ಲೇ ಗೋವಾ ಸ್ಕೂಲ್ಸ್ ಕಂಪ್ಯೂಟರ್ಸ್ ಪ್ರಾಜೆಕ್ಟ್ ಅಂತ ಇತ್ತು. ವಿದೇಶದಲ್ಲಿರುವ ಗೋವಾದವರೂ ಇಲ್ಲಿಯ ಸ್ವಯಂಸೇವಕರೂ ಸೇರಿ, ಹೊರದೇಶದಲ್ಲಿ ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತರಿಸಿ ಶಾಲೆಗಳಿಗೆ ಕೊಡುತ್ತಿದ್ದರು. ಯಂತ್ರ ಪುಕ್ಕಟೆ ಬಂದರೂ ವಿಂಡೋಸ್ ಲೈಸೆನ್ಸಿಗೆ ದುಡ್ಡು ಬೇಕಲ್ಲ? ಅದಕ್ಕೇ ಅವರು ಲಿನಕ್ಸ್ ಕಡೆ ಹೊರಳಿದರು. ಪತ್ರಕರ್ತ ಫ್ರೆಡರಿಕ್ ನೊರೋನ್ಹಾ ಅದರ ಬಗ್ಗೆ ಆಗಲೇ ಬಹಳ ಬರೆದಿದ್ದಾರೆ. ಅವತ್ತಿನ ತೊಂದರೆಯೇ ಇವತ್ತು ನಮ್ಮ ಲ್ಯಾಬಿನದು. ಯಂತ್ರ ಗಟ್ಟಿಮುಟ್ಟಾಗಿದೆ, ಒಳಗಿನದು ಮುಗಿದಿದೆ.

ಇನ್ನು ಕಾಸರಗೋಡು ನೋಡಿ. ಗಡಿಯಾಚೆಯ ನಮ್ಮಂಥವರೇ. 2001ರಲ್ಲಿ ಕೇರಳದ ಐಟಿ@ಸ್ಕೂಲ್ ಯೋಜನೆ ಶುರುವಾದಾಗ ಅಲ್ಲೂ ಇದೇ ಜಗಳ, ನಮ್ಮದಕ್ಕಿಂತ ನೂರು ಪಟ್ಟು ಜೋರು. ಶಿಕ್ಷಕರ ಸಂಘಟನೆಗಳೇ ಬೀದಿಗೆ ಬಂದು ವಿಂಡೋಸ್ ಬೇಡ ಅಂದವು. ಅದೇ ವರ್ಷ ಜುಲೈಯಲ್ಲಿ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದು ಸ್ವತಂತ್ರ ತಂತ್ರಾಂಶದ ಭಾರತೀಯ ಸಂಸ್ಥೆಯನ್ನು ಉದ್ಘಾಟಿಸಿದ್ದರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಶಾಲೆಗಳು ಪೂರ್ತಿ ಲಿನಕ್ಸ್ ಆದವು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ, ಕಂಪ್ಯೂಟರ್ ಪಾಠಪುಸ್ತಕವೂ ಕನ್ನಡದಲ್ಲಿ ಬರುತ್ತದೆ. 2019ರಲ್ಲಿ ಹೊಸ ಆವೃತ್ತಿ ಬಿಟ್ಟಾಗ, 2 ಲಕ್ಷ ಕಂಪ್ಯೂಟರುಗಳಿಗೆ ಹಾಕಿ 3000 ಕೋಟಿ ರೂಪಾಯಿ ಉಳಿಸುತ್ತೇವೆ ಅಂದರು. ಒಂದಕ್ಕೆ ಒಂದೂವರೆ ಲಕ್ಷ! ಯಾವ ಶಾಲೆಯೂ ಅಷ್ಟು ಕೊಟ್ಟು ಸಾಫ್ಟ್‌ವೇರ್ ಕೊಳ್ಳುತ್ತಿರಲಿಲ್ಲ, ನಮ್ಮ ಗಣಿತ ಮೇಷ್ಟ್ರು ಇದನ್ನು ಹಿಡಿದು ನಕ್ಕಿದ್ದು ಸರಿಯೇ. ಆದರೆ ಲೆಕ್ಕ ಅರ್ಧ, ಕಾಲು ಮಾಡಿದರೂ ನಮಗೆ ಅದು ದೊಡ್ಡ ದುಡ್ಡೇ ತಾನೆ?

ಹಾಗಂತ ಲಿನಕ್ಸ್ ಭಕ್ತರ ಮಾತನ್ನೂ ನಾನು ಪೂರ್ತಿ ಒಪ್ಪಲ್ಲ. "ಹಾಕಿಬಿಡಿ, ಎಲ್ಲಾ ಆಗುತ್ತೆ" ಅಂತಾರೆ. ಎಲ್ಲಾ ಆಗಲ್ಲ. ನಮ್ಮ ಶಾಲೆಯಲ್ಲಿ ಹಳೇ ನುಡಿ ಫಾಂಟಿನ ಪ್ರಶ್ನೆಪತ್ರಿಕೆಗಳು ಒಂದು ಬೀರು ತುಂಬ ಆಗುವಷ್ಟಿವೆ. 2012ರಲ್ಲಿ ಕರ್ನಾಟಕ ಸರ್ಕಾರ ಯುನಿಕೋಡನ್ನೇ ಶಿಷ್ಟತೆ ಎಂದು ಒಪ್ಪಿತು, ಸಂತೋಷ. ಆದರೆ ಅದಕ್ಕೂ ಮುಂಚಿನ ಕಡತಗಳನ್ನು ಒಂದೊಂದಾಗಿ ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ ಕೆಟ್ಟಿದ್ದನ್ನು ತಿದ್ದುವವರು ನಾವೇ. ಅದನ್ನು ವಿಂಡೋಸ್ ಇರುವಾಗಲೇ ಮಾಡಿಕೊಳ್ಳಬೇಕು. ಆದ್ದರಿಂದ ಒಂದು ಯಂತ್ರ ವಿಂಡೋಸ್‌ನಲ್ಲೇ ಇರಲಿ, ಇಂಟರ್ನೆಟ್ ತಂತಿ ಕಿತ್ತು. ಉಳಿದ ಏಳಕ್ಕೆ ಉಬುಂಟು ಹಾಕೋಣ. ಇದು ನನ್ನ ಅಭಿಪ್ರಾಯ. ಎಂಟು ಮಕ್ಕಳು ಎಂಟು ಕೀಲಿಮಣೆ ಮುಂದೆ ಕೂರುವುದನ್ನು ಬಿಟ್ಟು, ಹೊಸ ಎರಡರ ಮುಂದೆ ಇಡೀ ತರಗತಿ ಸಾಲು ನಿಲ್ಲುವುದು ನನಗಂತೂ ಬೇಡ.

ಗಣಿತ ಮೇಷ್ಟ್ರು ಇನ್ನೂ ಪೂರ್ತಿ ಒಪ್ಪಿಲ್ಲ. "ಎರಡರಲ್ಲಿ ಹಾಕಿ ನೋಡ್ರಿ" ಅಂದರು. ಹಾಕಿದೆವು. ಕೀಲಿಮಣೆಗಳ ಪಟ್ಟಿ ತೆರೆದರೆ ಕನ್ನಡದ ಪಕ್ಕ 'ಕಗಪ' ಅಂತ ಒಂದು ಹೆಸರು. ಏನಪ್ಪಾ ಇದು ಅಂತ ನೋಡಿದರೆ ನಮ್ಮ ಕನ್ನಡ ಗಣಕ ಪರಿಷತ್ತು! ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನನ್ನ ಬೆರಳಿಗೆ ರೂಢಿಯಾದ ಅದೇ ಕೀಲಿಮಣೆ. ಇಷ್ಟು ವರ್ಷ ನಾನು ಹೆದರಿದ್ದು ಯಾವುದಕ್ಕೆ! ಅದೇ ಪಟ್ಟಿಯಲ್ಲಿ ಹಿಂದಿ, ಸಂಸ್ಕೃತ, ತೆಲುಗಿನ ಜೊತೆ ಮರಾಠಿಗೂ ಕಗಪ ಇದೆ. ಪಕ್ಕದ ಮರಾಠಿ ಶಾಲೆಯ ಬಾಯಿಯವರಿಗೆ ತೋರಿಸಿದೆ. ನಮ್ಮ ಕೀಲಿಮಣೆಯಲ್ಲಿ ತಮ್ಮ ಹೆಸರನ್ನು ದೇವನಾಗರಿಯಲ್ಲಿ ಹೊಡೆದು, ಚಹಾ ತರಿಸಿ ಅಂದರು. ಅವತ್ತಿನ ಚಹಾ ಬಿಸಿಯಾಗಿಯೇ ಕುಡಿದೆವು.