ಗುಚ್ಛಗಳ ನಡುವಿನ ಬಿಸಿ ಅನಿಲ: ನಾಲ್ಕು ಆಕ್ಷೇಪ, ನಾಲ್ಕು ಉತ್ತರ

ಪರಸ್ಪರ ಡಿಕ್ಕಿ ಹೊಡೆಯುವ ಗೆಲಾಕ್ಸಿ ಗುಚ್ಛಗಳಲ್ಲೂ ಅವುಗಳ ನಡುವೆಯೂ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲವಿದೆ ಎಂಬುದನ್ನು ಮುಂಬಯಿಯ ಕುರ್ಲಾದ ನಮ್ಮ ಕನ್ನಡ ಬಳಗದ ಕೆಲವರು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಅವರ ಆಕ್ಷೇಪ ನಾಲ್ಕು. ಒಂದೊಂದನ್ನೂ ಮುಂದಿಡುತ್ತೇನೆ, ತೀರ್ಪು ಓದುಗರದು.

ಮೊದಲನೆಯದು: ‘ಅನಿಲ ತೋರಿಸುವ ಕ್ಷ-ಕಿರಣ ಚಿತ್ರಗಳಿಗೆ ಬಣ್ಣ ಬಳಿದದ್ದು ಕಂಪ್ಯೂಟರು, ಆದ್ದರಿಂದ ಅನಿಲ ಕಲ್ಪನೆ.’ ಬಣ್ಣ ಬಳಿದದ್ದು ನಿಜ. ಕ್ಷ-ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದರಿಂದ ಅನಿಲ ಹೇಗೆ ಸುಳ್ಳಾಯಿತು? 1999ರಲ್ಲಿ ಹಾರಿದ ಚಂದ್ರಾ ದೂರದರ್ಶಕ ಒಂದೊಂದು ಫೋಟಾನನ್ನೂ ಅದರ ದಿಕ್ಕು, ವೇಳೆ, ಶಕ್ತಿಯ ಸಮೇತ ದಾಖಲಿಸುತ್ತದೆ. ಬಿಸಿ ಗುಚ್ಛಗಳ ರೋಹಿತದಲ್ಲಿ 6.7 ಕಿಲೊ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಕಬ್ಬಿಣದ ರೇಖೆ ಎದ್ದು ಕಾಣುತ್ತದೆ. ಇಪ್ಪತ್ತಾರು ಎಲೆಕ್ಟ್ರಾನುಗಳಲ್ಲಿ ಇಪ್ಪತ್ತನಾಲ್ಕನ್ನು ಕಳೆದುಕೊಂಡ ಕಬ್ಬಿಣದ ಗುರುತು ಅದು. ಅಷ್ಟು ಕಳಚಲು ಕೋಟಿಗಟ್ಟಲೆ ಡಿಗ್ರಿ ಬೇಕು. ಬಣ್ಣ ಬಳಿದರೆ ಈ ರೇಖೆ ಹುಟ್ಟದು.

ಎರಡನೆಯದು: ‘ಅಷ್ಟು ಬಿಸಿ ಇದ್ದಿದ್ದರೆ ಎಂದೋ ತಣಿಯಬೇಕಿತ್ತು.’ ಇವರು ಬಿಸಿಯನ್ನು ಎಣಿಸಿದರು, ಸಾಂದ್ರತೆಯನ್ನು ಮರೆತರು. ಸುಜಾಕು ಮತ್ತು ಎಕ್ಸ್‌ಎಂಎಂ-ನ್ಯೂಟನ್ ಕ್ಷ-ಕಿರಣ ದೂರದರ್ಶಕಗಳ ದತ್ತಾಂಶದಿಂದ 2025ರಲ್ಲಿ ಬಿಡಿಸಿ ತೋರಿಸಿದ ಶಾಪ್ಲಿ ಮಹಾಗುಚ್ಛದ ಅನಿಲದ ಎಳೆ 2.3 ಕೋಟಿ ಜ್ಯೋತಿರ್ವರ್ಷ ಉದ್ದ, ಸುಮಾರು ಒಂದು ಕೋಟಿ ಡಿಗ್ರಿ ಬಿಸಿ. ಆದರೆ ಅಲ್ಲಿ ಘನ ಮೀಟರಿಗೆ ಎಲೆಕ್ಟ್ರಾನುಗಳು ಹತ್ತರ ಆಸುಪಾಸು. ಎಲೆಕ್ಟ್ರಾನು ಅಯಾನಿನ ಪಕ್ಕ ಹಾದಾಗ ತಾನೇ ಶಕ್ತಿ ಕ್ಷ-ಕಿರಣವಾಗಿ ಸೋರುವುದು? ಆ ಭೇಟಿಯೇ ಅಪರೂಪವಾದಾಗ, ತಣಿಯಲು ವಿಶ್ವದ ವಯಸ್ಸೂ ಸಾಲದು.

ಮೂರನೆಯದು: ‘ಇದು ಕ್ಷ-ಕಿರಣ ಉಪಕರಣಗಳ ದೋಷ.’ ಹಾಗಾದರೆ ಪ್ಲಾಂಕ್ ಉಪಗ್ರಹಕ್ಕೇನು ಹೇಳುತ್ತಾರೆ? ಅದು ನೋಡಿದ್ದು ಕ್ಷ-ಕಿರಣವನ್ನಲ್ಲ, ವಿಶ್ವದ ಹಿನ್ನೆಲೆಯ ಸೂಕ್ಷ್ಮತರಂಗವನ್ನು. ಏಬೆಲ್ 399 ಮತ್ತು ಏಬೆಲ್ 401 ಗುಚ್ಛಗಳ ನಡುವೆ ಆ ತರಂಗದ ಮೇಲೆ ಬಿಸಿ ಎಲೆಕ್ಟ್ರಾನುಗಳ ಒತ್ತಡ ಮೂಡಿಸಿದ ಗುರುತನ್ನು ಅದರ ತಂಡ 2012ರಲ್ಲಿ ಪ್ರಕಟಿಸಿತು. ಅದನ್ನು ಕ್ಷ-ಕಿರಣದ ಅಳತೆಯೊಂದಿಗೆ ಕೂಡಿಸಿದಾಗ ಸಿಕ್ಕ ಉಷ್ಣತೆ ಸುಮಾರು ಎಂಟು ಕೋಟಿ ಡಿಗ್ರಿ. ಬೇರೆ ಬೇರೆ ಉಪಕರಣ, ಬೇರೆ ಬೇರೆ ಭೌತವಿಜ್ಞಾನ; ದೋಷ ಮಾತ್ರ ಒಂದೇ ಜಾಗದಲ್ಲಿ ಒಂದೇ ಆಕಾರದಲ್ಲಿ ಹೇಗೆ ಬಂತು? ಉತ್ತರ ಬಂದಿಲ್ಲ.

ನಾಲ್ಕನೆಯದು ಅವರ ಬ್ರಹ್ಮಾಸ್ತ್ರ: ‘ಬುಲೆಟ್ ಗುಚ್ಛದ ವೇಗ ಸೆಕೆಂಡಿಗೆ 4,700 ಕಿ.ಮೀ. ಕಪ್ಪುದ್ರವ್ಯದ ಲೆಕ್ಕದಲ್ಲಿ ಅದು ಅಸಾಧ್ಯ, ಆ ಕಥೆ ಮುಗಿಯಿತು.’ ಈ 4,700 ಬಂದದ್ದೆಲ್ಲಿಂದ? ಆ ಗುಚ್ಛ ಇನ್ನೊಂದು ಗುಚ್ಛಕ್ಕೆ ಡಿಕ್ಕಿ ಹೊಡೆದಾಗ ಎದ್ದ, ಚಂದ್ರಾ ಕಂಡ ಅನಿಲದ ಆಘಾತ ತರಂಗದಿಂದ. ಮೊದಲ ಆಕ್ಷೇಪದಲ್ಲಿ ಕಲ್ಪನೆಯಾಗಿದ್ದ ಅನಿಲವೇ ಇಲ್ಲಿ ಸಾಕ್ಷಿ! ಅದಿರಲಿ, ಆ ಸಂಖ್ಯೆ ಗುಚ್ಛದ ವೇಗವೂ ಅಲ್ಲ. ಕುರ್ಲಾ ದಾಟುವ ಲೋಕಲ್‌ನಲ್ಲಿ ಕೂತು, ಎದುರು ಹಾದುಹೋದ ಗಾಡಿಯ ರಭಸವನ್ನು ತನ್ನ ಗಾಡಿಯದೇ ಎಂದು ಬರೆದುಕೊಂಡಂತಾಯಿತು ಇವರ ಲೆಕ್ಕ. ಮುಂದಿದ್ದ ಅನಿಲವೂ ಎದುರಿಗೆ ಧಾವಿಸುತ್ತಿತ್ತು. 2007ರ ಗಣಕ ಮಾದರಿ ಇದನ್ನು ಲೆಕ್ಕಹಾಕಿದಾಗ ಗುಚ್ಛದ ವೇಗ ಸುಮಾರು 2,700ಕ್ಕೆ ಇಳಿಯಿತು. ಇದೇ ಗುಚ್ಛದ ಕುರಿತ 2006ರ ಮುಖ್ಯ ಫಲಿತಾಂಶದ ಬಗ್ಗೆಯಂತೂ ಇವರದು ಮೌನ: ಸಾಮಾನ್ಯ ದ್ರವ್ಯದ ಬಹುಪಾಲು ಅನಿಲದಲ್ಲಿದೆ, ಬೆಳಕನ್ನು ಬಾಗಿಸುವ ರಾಶಿಯ ಬಹುಪಾಲು ಮಾತ್ರ ಅನಿಲದಿಂದ ದೂರ, ಗೆಲಾಕ್ಸಿಗಳ ಜತೆಗಿದೆ. ಆ ಕಾಣದ ರಾಶಿಯೇ ಕಪ್ಪುದ್ರವ್ಯ.

ಇದೇ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹಕ್ಕಾಗಿ ಕ್ಷ-ಕಿರಣ ದೂರದರ್ಶಕ ಕಟ್ಟಿಕೊಟ್ಟಿದೆ. ಈ ವಿದ್ಯೆ ನಮ್ಮೂರಿಗೆ ಹೊಸದಲ್ಲ. ಚಂದ್ರಾದ ದತ್ತಾಂಶ ಭಂಡಾರವೂ ಎಲ್ಲರಿಗೂ ತೆರೆದಿದೆ. ಅನಿಲ ಇಲ್ಲವೆನ್ನುವವರು ಆ ಕಬ್ಬಿಣದ ರೇಖೆಗೆ ಬೇರೆ ಕಾರಣ ಕೊಡಲಿ. ಕೊಡಲಾಗದಿದ್ದರೆ, ತಮ್ಮ ನಾಲ್ಕನೆಯ ವಾದದಲ್ಲಿ ಒಪ್ಪಿದ್ದನ್ನು ಮೊದಲನೆಯದರಲ್ಲೂ ಒಪ್ಪಲಿ.