ಬಡಿಯಬಹುದಾದ ಬಾಗಿಲು

2019ರ ಆಗಸ್ಟ್ ಮೊದಲ ವಾರ. ಕೊಯ್ನಾ ಕಡೆಯಿಂದ ಕೃಷ್ಣೆಗೆ ನೀರು ಬಿಡುತ್ತಲೇ ಇದ್ದರು. ಇತ್ತ ದೂಧಗಂಗಾ, ವೇದಗಂಗಾ ಎರಡೂ ದಂಡೆ ಮೀರಿದ್ದವು. ಯಮಗರ್ಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ಮುಳುಗಿ ಲಾರಿಗಳು ನಿಂತಲ್ಲೇ ನಿಂತಿದ್ದವು. ಚಿಕ್ಕೋಡಿ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿರುವ ನಮ್ಮ ಕಾಕುವಿನ ಹಿತ್ತಲಿಗೆ ರಾತ್ರಿ ಹತ್ತರ ಸುಮಾರಿಗೆ ನೀರು ಬಂತು. ಮಕ್ಕಳು, ಮುದುಕರು ಟ್ರ್ಯಾಕ್ಟರ್ ಏರಿ ಶಾಲೆಯಲ್ಲಿ ತೆರೆದ ಕಾಳಜಿ ಕೇಂದ್ರಕ್ಕೆ ಹೋದರು. ಎರಡು ಎಮ್ಮೆ ಉಳಿದವು. ದಿಬ್ಬದ ಮೇಲೆ ಇದ್ದದ್ದು ಒಂದೇ ತೋಟದ ಮನೆ. ಆ ಮನೆಯವರಿಗೂ ನಮ್ಮ ಕಾಕಾನಿಗೂ ಹೊಲದ ಬದುವಿನ ಸಲುವಾಗಿ ಒಂಬತ್ತು ವರ್ಷದ ಜಗಳ. ಕೋರ್ಟು ಆಗಿತ್ತು, ಮದುವೆಗೂ ಮಣ್ಣಿಗೂ ಹೋಗಿಬರುವುದು ನಿಂತಿತ್ತು. ಕಾಕು ಹೋಗಿ ಆ ಬಾಗಿಲನ್ನೇ ಬಡಿದಳು. ಬಾಗಿಲು ತೆಗೆದ ಯಜಮಾನ ಅಂದದ್ದು ಇಷ್ಟೇ: "ಹಗ್ಗಾ ಇಲ್ಲೆ ಕೊಡ್ರಿ, ನೀವು ಲಗೂನ ಹೋಗ್ರಿ."

ನೀರು ಇಳಿದು, ಮನೆಯ ಕೆಸರು ಬಳಿದು, ಇಪ್ಪತ್ತೆರಡು ದಿನದ ಮೇಲೆ ಕಾಕು ಎಮ್ಮೆ ತರಲು ಹೋದಾಗ ನಾನೂ ಜೊತೆಗಿದ್ದೆ. ಆತ ಒಳಗಿನಿಂದ ಹಾಲಿನ ಡೇರಿಯ ಕಾರ್ಡ್ ತಂದ. ಎರಡೂ ಹೊತ್ತಿನ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು, ಎಲ್ಲ ಬೇರೆಯಾಗಿ ಬರೆಸಿದ್ದ. ಕಾರ್ಡಿನೊಳಗೆ ಮಡಚಿಟ್ಟ ನೋಟು. "ಮೇವಿಂದು, ಹಿಂಡಿದು ಹಿಡಕೊಂಡೇನಿ, ಉಳದದ್ದು ಇದು." ಕಾಕು ಎಣಿಸಿಯೇ ತೆಗೆದುಕೊಂಡಳು. ಬದುವಿನ ಪ್ರಕರಣ ಇವತ್ತಿಗೂ ನಡೆದಿದೆ.

ಈ ಕಥೆ ಹೇಳಿದಾಗಲೆಲ್ಲ ಪಟ್ಟಣದ ಗೆಳೆಯರು ಮೇವಿನ ಲೆಕ್ಕದ ಹತ್ತಿರ ಮುಖ ಸಣ್ಣ ಮಾಡುತ್ತಾರೆ. ಪ್ರವಾಹದಲ್ಲಿ ಮನೆಗೆ ನೀರು ಹೊಕ್ಕವಳ ಹತ್ತಿರ ಮೇವಿನ ರೊಕ್ಕ ಹಿಡಿಯುವುದೇ ಎಂದು. ನನಗೆ ಮಾತ್ರ ಇಡೀ ಪ್ರಸಂಗದ ಜೀವ ಆ ಲೆಕ್ಕದಲ್ಲೇ ಇದೆ ಅನ್ನಿಸುತ್ತದೆ. ಆತ ಎಲ್ಲವನ್ನೂ ಬಿಟ್ಟುಕೊಟ್ಟಿದ್ದರೆ ಕಾಕು ಅವನ ಉಪಕಾರ ಹೊತ್ತು ತಲೆ ತಗ್ಗಿಸಿ ಮನೆಗೆ ಬರಬೇಕಾಗಿತ್ತು. ಲೆಕ್ಕ ಹಿಡಿದದ್ದರಿಂದ ಸಮಾನಳಾಗಿ ಬಂದಳು. ನಾಳೆ ಮತ್ತೆ ಹೊಳೆ ಬಂದರೆ ಅದೇ ಬಾಗಿಲನ್ನು ನಾಚಿಕೆಯಿಲ್ಲದೆ ಬಡಿಯಬಲ್ಲಳು. 2021ರ ಜುಲೈಯಲ್ಲಿ ಹೊಳೆ ಬಂದೇ ಬಂತು, ಎಮ್ಮೆಗಳು ಅಲ್ಲಿಗೇ ಹೋದವು. ಊರಿನ ನೆಮ್ಮದಿಯ ಬಗ್ಗೆ ನಾನು ನಂಬಿಕೊಂಡಿರುವ ಮಾತು ಇದೇ: ಮನುಷ್ಯ ಸುಖವಾಗಿರುವುದು ಎಲ್ಲರ ಪ್ರೀತಿ ಸಿಕ್ಕಾಗಲ್ಲ, ಕೇಳುವುದಕ್ಕೆ ಸಂಕೋಚವಿಲ್ಲದ ನಾಲ್ಕು ಮನೆ ಇದ್ದಾಗ. ಕೊಟ್ಟದ್ದನ್ನು ತಿರುಗಿ ಕೊಡುವ ದಾರಿ ತೆರೆದಿದ್ದಲ್ಲಿ ಮಾತ್ರ ಆ ಸಂಕೋಚ ಹೋಗುತ್ತದೆ.

ಜಗತ್ತಿನ ದೇಶಗಳ ಸಂತೋಷವನ್ನು 2012ರಿಂದ ಅಳೆಯುತ್ತಿರುವ ವರದಿಯ ಹಿಂದೆಯೂ ಇದೇ ಬಾಗಿಲಿದೆ. ಕಷ್ಟ ಬಂದರೆ ಯಾವಾಗ ಬೇಕಾದರೂ ಒದಗುವ ನೆಂಟರೋ ಗೆಳೆಯರೋ ನಿಮಗಿದ್ದಾರೆಯೇ ಎಂದು ಜನರನ್ನು ಕೇಳುತ್ತಾರೆ. ಇದ್ದಾರೆ, ಇಲ್ಲ, ಎರಡೇ ಉತ್ತರ. ದೇಶ ದೇಶಗಳ ನಡುವಿನ ಅಂತರವನ್ನು ವಿವರಿಸುವಾಗ ಆದಾಯ, ಆರೋಗ್ಯಗಳ ಸಾಲಿನಲ್ಲೇ ಈ ಉತ್ತರವನ್ನೂ ಇಡುತ್ತಾರೆ. 2025ರ ಪಟ್ಟಿಯಲ್ಲಿ ಫಿನ್ಲೆಂಡ್ ಸತತ ಎಂಟನೆಯ ವರ್ಷ ಮೊದಲನೆಯದು, ಭಾರತ 118ನೆಯದು. ಅದೇ ವರ್ಷದ ವರದಿ ಕಳೆದುಹೋದ ಪಾಕೀಟಿನ ವಿಚಾರವನ್ನೂ ಎತ್ತಿತು. ಪಾಕೀಟು ಮರಳಿ ಬರುತ್ತದೆಂದು ನಂಬುವವರು ಹೆಚ್ಚು ಸಂತೋಷವಾಗಿರುತ್ತಾರೆ. ನಿಜವಾಗಿ ಪಾಕೀಟುಗಳು ಜನ ಅಂದುಕೊಂಡದ್ದರ ಸುಮಾರು ಎರಡು ಪಟ್ಟು ಮರಳುತ್ತವೆ. ಅಂದರೆ ನೆರೆಯವರು ನಾವು ಎಣಿಸಿದ್ದಕ್ಕಿಂತ ಒಳ್ಳೆಯವರು. ಆ ಯಜಮಾನ ಡೇರಿ ಕಾರ್ಡ್ ಇಟ್ಟಿರುತ್ತಾನೆಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ನಮ್ಮ ಕಡೆಯ ಮಾತಿನಲ್ಲಿ ಇದಕ್ಕೆಲ್ಲ ಹೆಸರುಗಳಿವೆ. ಇವತ್ತು ನನ್ನ ಹೊಲದ ಕಳೆಗೆ ನೀ ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ ಎಂಬುದು ಮುಯ್ಯಿ. ಮದುವೆಯಲ್ಲಿ ಮಾಡಿದ್ದನ್ನು ಮದುವೆಯಲ್ಲಿ ತಿರುಗಿಸುವುದೂ ಮುಯ್ಯಿಯೇ. ಕಿರಾಣಿ ಅಂಗಡಿಯ ಉದ್ರಿ ಇದೆ, ಬೋರಿನ ನೀರಿಗೆ ಪಾಳಿ ಇದೆ. ನಿಪ್ಪಾಣಿ, ಕಾಗವಾಡದ ಓಣಿಗಳಲ್ಲಿ ಹೆಂಗಸರು ತಿಂಗಳಿಗೊಮ್ಮೆ ಸೇರಿ ಭಿಶಿ, ಅಂದರೆ ಚೀಟಿ, ಎತ್ತುತ್ತಾರೆ. ಮೊದಲು ಭಿಶಿ ಎತ್ತಿದವಳು ಕೊನೆಯವಳ ತನಕ ಕಟ್ಟುತ್ತಾಳೆಂಬುದಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಎಲ್ಲಕ್ಕಿಂತ ನನಗೆ ಹಿಡಿಸುವುದು ಪತ್ತು ಎಂಬ ಮಾತು. ಸಾಲ ಹುಟ್ಟುವ ಯೋಗ್ಯತೆಗೂ ಪತ್ತು ಅನ್ನುತ್ತೇವೆ, ಊರಲ್ಲಿ ಮನುಷ್ಯನಿಗಿರುವ ಮಾನಕ್ಕೂ ಪತ್ತು ಅನ್ನುತ್ತೇವೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಅಡವಿಗೆ ಇಟ್ಟದ್ದು ಇದನ್ನೇ. ಅಂದಿನ ಹಳ್ಳಿಯ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಈ ಭಾಗದಲ್ಲಿ ಆಮೇಲೆ ಹಬ್ಬಿದ ಸೊಸೈಟಿ, ಡೇರಿ, ಸಹಕಾರಿ ಸಕ್ಕರೆ ಕಾರ್ಖಾನೆಗಳು ಆ ಬೇರಿನಿಂದಲೇ ಬಂದವು.

ನಂಬಿಕೆ ಹೋದಾಗ ಎಷ್ಟು ಖರ್ಚು ಬೀಳುತ್ತದೆಂಬುದನ್ನೂ ಇಲ್ಲೇ ನೋಡಬೇಕು. ಕಬ್ಬಿನ ಹಂಗಾಮಿನಲ್ಲಿ ರೈತ ತುಂಬಿದ ಟ್ರೇಲರನ್ನು ಮೊದಲು ಹೊರಗಿನ ತೂಕದ ಕಾಟಾದ ಮೇಲೆ ನಿಲ್ಲಿಸಿ, ರೊಕ್ಕ ಕೊಟ್ಟು, ಚೀಟಿ ಹರಿಸಿಕೊಂಡು, ಆಮೇಲೆ ಕಾರ್ಖಾನೆಯ ಗೇಟಿಗೆ ಹೋಗುತ್ತಾನೆ. ರಾತ್ರಿಯೆಲ್ಲ ಸರದಿಯಲ್ಲಿ ನಿದ್ದೆಗೆಟ್ಟು, ಎರಡು ಚೀಟಿಯ ನಡುವಿನ ಅಂತರವನ್ನೇ ಲೆಕ್ಕ ಹಾಕುತ್ತಿರುತ್ತಾನೆ. ಕಾಟಾದ ದುಡ್ಡು ದೊಡ್ಡದಲ್ಲ. ಆ ನಿದ್ದೆ, ಆ ಉರಿ ದೊಡ್ಡದು. ಸಂಘವನ್ನು ತಾನೇ ಕಟ್ಟಿದವನ ಮಗ ಅದರ ತೂಕವನ್ನು ನಂಬದಂತಾಗಿದ್ದಾನೆ.

ಇದಕ್ಕಿಂತ ನೋವಿನದು ಗುಂಪು ಸಾಲ. ಮೈಕ್ರೋ ಫೈನಾನ್ಸ್ ಕಂಪನಿಯವರು ಐದು ಹತ್ತು ಹೆಂಗಸರನ್ನು ಕೂಡಿಸಿ, ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕು ಎಂದು ಸಹಿ ಹಾಕಿಸುತ್ತಾರೆ. ಹಳೆಯ ಸಂಘದಲ್ಲೂ ಹೊಣೆ ಎಲ್ಲರದೇ ಆಗಿತ್ತಲ್ಲ, ವ್ಯತ್ಯಾಸವೇನು ಎಂದು ಕೇಳಬಹುದು. ಯಾರಿಗೆ ಕೊಡಬೇಕು, ಮಳೆ ಹೋದ ವರ್ಷ ಯಾರಿಗೆ ತಡೆಯಬೇಕು ಎಂಬುದನ್ನು ಅಲ್ಲಿ ಊರವರೇ ಕೂತು ತೀರ್ಮಾನಿಸುತ್ತಿದ್ದರು. ಬಡ್ಡಿ ಊರಲ್ಲೇ ತಿರುಗುತ್ತಿತ್ತು. ಇಲ್ಲಿ ತೀರ್ಮಾನ ಬೇರೆಲ್ಲೋ ಆಗುತ್ತದೆ, ವಸೂಲಿ ಮಾತ್ರ ಪಕ್ಕದ ಮನೆಯವಳ ಕೈಯಿಂದ. ವಾರದ ಕಂತು ತಪ್ಪಿದ ದಿನ ಗೆಳತಿಯರೇ ಬಾಗಿಲಲ್ಲಿ ಬಂದು ಕೂಡುತ್ತಾರೆ. ನಲವತ್ತು ವರ್ಷ ಸಕ್ಕರೆ, ಚಹಾಪುಡಿ ಕಡ ಕೊಟ್ಟು ಬೆಳೆದ ಸಲಿಗೆ ಒಂದು ಮಧ್ಯಾಹ್ನದಲ್ಲಿ ಮುರಿಯುತ್ತದೆ. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಅದು ವಸೂಲಿ ಏಜೆಂಟನನ್ನು ತಡೆದೀತು. ಮುರಿದ ನೆರೆಯನ್ನು ಕೂಡಿಸುವ ಕಾನೂನು ಇಲ್ಲ.

ಆದರೆ ಹೆಂಗಸರು ಕೂಡಿ ಕೂತದ್ದರಿಂದ ಬದುಕು ಎದ್ದು ನಿಂತದ್ದಕ್ಕೂ ನಿಪ್ಪಾಣಿಯೇ ಸಾಕ್ಷಿ. ಅಲ್ಲಿನ ತಂಬಾಕಿನ ವಖಾರಿಗಳಲ್ಲಿ ಮುಖಕ್ಕೆ ಸೆರಗು ಕಟ್ಟಿಕೊಂಡು, ಘಾಟಿನಲ್ಲಿ ಕೆಮ್ಮುತ್ತ ಪುಡಿ ಸೋಸುತ್ತಿದ್ದ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದರು. ಯುಗಾಂತರ್ ಎಂಬ ಮಹಿಳೆಯರ ತಂಡ 1982ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರ ಮಾಡಿತು. ಪಕ್ಕದಲ್ಲಿ ಕೂತು ಕೆಮ್ಮಿದವಳ ಮೇಲೆ ಹುಟ್ಟಿದ ನಂಬಿಕೆ ಅದು. ಕೂಲಿ ಹೆಚ್ಚಿಸಿಕೊಂಡದ್ದು ಒಂದು ಮಾತು, ಮಾಲೀಕನ ಮುಂದೆ ತಲೆ ಎತ್ತಿ ಮಾತಾಡಿದ್ದು ಇನ್ನೊಂದು. ಎರಡನೆಯದನ್ನು ಯಾವ ಪಗಾರ ಚೀಟಿಯಲ್ಲೂ ಬರೆಯಲಾಗದು. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಗಟ್ಟಿಯಾದ ಸಂಬಂಧಗಳಿರುವವರು ಬದುಕಿ ಉಳಿಯುವ ಸಂಭವ ಶೇ 50ರಷ್ಟು ಹೆಚ್ಚೆಂದೂ, ಒಂಟಿತನದ ಅಪಾಯ ಧೂಮಪಾನದ ಅಪಾಯಕ್ಕೆ ಹೋಲುವಂಥದೆಂದೂ ಹೇಳಿದರು. ತಂಬಾಕಿನ ನೆಲದವರಿಗೆ ಆ ಹೋಲಿಕೆ ಬೇಗ ತಾಗಬೇಕು.

ಮಹಾರಾಷ್ಟ್ರದ ಗಡಿಯ ಮಾತಿಲ್ಲದೆ ನಮ್ಮ ಈ ತಾಲ್ಲೂಕುಗಳ ಸುಖದುಃಖ ಹೇಳಲಾಗದು. ಕಾಗವಾಡದವರಿಗೆ ದವಾಖಾನೆ ಅಂದರೆ ಮೀರಜ, ನಿಪ್ಪಾಣಿಯವರಿಗೆ ಸಂತೆ-ಬಾಜಾರು ಅಂದರೆ ಕೊಲ್ಹಾಪುರ. ಬೀಗತನ ಎರಡೂ ಕಡೆ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಆ ಕಡೆಯವರು ಚಕ್ಕಡಿ ಕಟ್ಟಿಕೊಂಡು ಬಂದರೆ, ಭಂಡಾರದಲ್ಲಿ ಮಿಂದ ಮುಖಗಳಲ್ಲಿ ಯಾರು ಯಾವ ರಾಜ್ಯದವರೆಂದು ಗುರುತು ಹತ್ತುವುದಿಲ್ಲ. 1971ರಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ವಿದ್ವಾಂಸರು ಸಾಂಗಲಿ ಜಿಲ್ಲೆಯ ಕುಪವಾಡದ ಬಗ್ಗೆ ಬರೆದ ಲೇಖನ ಭಾಷಾಶಾಸ್ತ್ರದಲ್ಲಿ ಹೆಸರಾಯಿತು. ಜೈನರು, ಲಿಂಗಾಯತರು ಕನ್ನಡ, ಮುಸಲ್ಮಾನರು ಉರ್ದು, ಉಳಿದವರಲ್ಲಿ ಹೆಚ್ಚಿನವರು ಮರಾಠಿ ಆಡುವ ಆ ಊರಲ್ಲಿ ತಲೆತಲಾಂತರ ಕೂಡಿ ದುಡಿದದ್ದರಿಂದ ಮೂರೂ ಭಾಷೆಗಳ ವಾಕ್ಯ ಕಟ್ಟುವ ರೀತಿಯೇ ಒಂದಾಗಿಬಿಟ್ಟಿತ್ತು. ಶಬ್ದ ಬದಲಿಸಿದರೆ ಸಾಕು, ವಾಕ್ಯ ಅದೇ. ನಮ್ಮ ಸಂತೆಯಲ್ಲಿ ಇವತ್ತಿಗೂ ಕೇಳಿಸುವುದು ಇದೇ.

ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ, ಅದು ನನ್ನನ್ನು ಕಾಡುತ್ತದೆ. ವಾಕ್ಯ ಒಂದಾದರೂ ಶಬ್ದಗಳು ಬೇರೆಯಾಗಿಯೇ ಉಳಿದವು, ಏಕೆಂದರೆ ಮನೆಗಳು ಬೇರೆಯಾಗಿಯೇ ಉಳಿದವು. ಹೊಲದಲ್ಲಿ, ಸಂತೆಯಲ್ಲಿ ಕೂಡಿದವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ನಮ್ಮ ನಂಬಿಕೆಯ ಅಳತೆಯೂ ಅಷ್ಟೇ. ಒಳಗಿನವರ ನಂಬಿಕೆ ಬಲವಾದಷ್ಟೂ ಹೊರಗಿನವರಿಗೆ ಗೋಡೆ ಎತ್ತರವಾಗುವುದುಂಟು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಡೇನಿಯಲ್ ಆಲ್ಡ್ರಿಚ್ ಕಂಡದ್ದು ಇದನ್ನೇ. ಪಂಚಾಯತಿ ಗಟ್ಟಿಯಿದ್ದ ಮೀನುಗಾರ ಹಳ್ಳಿಗಳಿಗೆ ನೆರವು ಬೇಗ ಸಿಕ್ಕಿತು, ಅದೇ ಪಂಚಾಯತಿಯ ಪಟ್ಟಿಯಲ್ಲಿ ಇಲ್ಲದ ದಲಿತರು, ಹೆಂಗಸರು ಹಿಂದುಳಿದರು. 1925ರ ಏಪ್ರಿಲ್‌ನಲ್ಲಿ ಬಹಿಷ್ಕೃತರ ಪ್ರಾಂತಿಕ ಪರಿಷತ್ತಿಗೆ ಬಾಬಾಸಾಹೇಬ ಅಂಬೇಡ್ಕರರು ನಿಪ್ಪಾಣಿಗೆ ಬಂದಿದ್ದರು. ಆಗಲೂ ಈ ಊರುಗಳಲ್ಲಿ ಮುಯ್ಯಿ ಇತ್ತು, ಉದ್ರಿ ಇತ್ತು, ಪತ್ತು ಇತ್ತು. ಯಾರ ನಡುವೆ ಇತ್ತು ಎಂದು ಕೇಳದೆ ಹಳೆಯ ಊರಿನ ಒಗ್ಗಟ್ಟನ್ನು ಹೊಗಳುವವರ ಜೊತೆ ನಾನು ದನಿಗೂಡಿಸಲಾರೆ. ಬಡಿಯಬಹುದಾದ ಬಾಗಿಲು ಒಂದೂ ಇಲ್ಲದವರು ಆ ಊರಿನಲ್ಲೇ ಇದ್ದರು.

ಇವತ್ತು ಆ ಜಾಗದಲ್ಲಿ ಇನ್ನೂ ಕೆಲವರು ಬಂದು ಸೇರಿದ್ದಾರೆ. ದೀಪಾವಳಿ ಕಳೆಯುವಷ್ಟರಲ್ಲಿ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಹೊಲದ ದಂಡೆಯಲ್ಲಿ ತಾಡಪತ್ರಿಯ ಗುಡಿಸಲು, ಐದಾರು ತಿಂಗಳ ಬಾಳುವೆ. ಗ್ಯಾಂಗು ಕರೆತರುವ ಮುಕಾದಮನ ಮುಂಗಡ ತೀರುವವರೆಗೆ ಅವರಿಗೆ ಊರಿಲ್ಲ. ಒಕ್ಕಲುತನ ಬೆಳೆದಂತೆ ನಮ್ಮವರೂ ತೋಟದ ಮನೆಗಳಿಗೆ ಚದುರಿ, ಗುಡಿಯ ಕಟ್ಟೆಯ ಮೇಲೆ ಸಂಜೆ ಕೂಡುವ ಮಂದಿ ಕಡಿಮೆಯಾಗಿದ್ದಾರೆ. ಹಾಗಾಗಿ ಎಷ್ಟೋ ತೋಟಗಳಲ್ಲಿ ಅತಿ ಹತ್ತಿರದ ನೆರೆ ಅಂದರೆ ಈ ಗ್ಯಾಂಗಿನವರೇ.

ಹೋದ ಹಂಗಾಮಿನಲ್ಲಿ ನಾನು ಕಾಕುವಿನ ಮನೆಯಲ್ಲಿದ್ದ ಒಂದು ರಾತ್ರಿ ಬಾಗಿಲು ಬಡಿದ ಸಪ್ಪಳಾಯಿತು. ಸೊಂಟದ ಮೇಲೆ ಕೂಸು ಎತ್ತಿಕೊಂಡ ಹೆಣ್ಣುಮಗಳು, ಕೂಸಿಗೆ ಸುಡುವ ಜ್ವರ. ಮರಾಠಿಯಲ್ಲಿ ಏನೋ ಅಂದಳು, ಕಾಕು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಉತ್ತರ ಕೊಟ್ಟು ತಣ್ಣೀರು ಬಟ್ಟೆ ಹಾಕಿದಳು, ಮಗನನ್ನು ಎಬ್ಬಿಸಿ ಮೋಟಾರ್‌ಸೈಕಲ್ ಮೇಲೆ ದವಾಖಾನೆಗೆ ಕಳಿಸಿದಳು. ಬೆಳಗ್ಗೆ ಎದ್ದು ನೋಡಿದರೆ ಎಮ್ಮೆಯ ಗೋದಲಿಯ ಹತ್ತಿರ ಹಸಿ ಕಬ್ಬಿನ ಸೋಗೆಯ ಎರಡು ಹೊರೆ. ಸೋಗೆ ಮಾರಿದರೆ ಅವರಿಗೆ ಅಂದಿನ ಸಂತೆಯ ಖರ್ಚು ಹುಟ್ಟುತ್ತಿತ್ತು. ಕಾಕು ಬೇಡ ಅನ್ನಲಿಲ್ಲ. ಹೊರೆ ಬಿಚ್ಚಿ ಎಮ್ಮೆಗಳ ಮುಂದೆ ಹಾಕಿದಳು. ರಾತ್ರಿ ಆ ಹೆಣ್ಣುಮಗಳಿಗೆ ನೀರು ಕೊಟ್ಟ ತಂಬಿಗೆ ಮಾತ್ರ ಇನ್ನೂ ಹೊರಗಿನ ಕಟ್ಟೆಯ ಮೇಲೆಯೇ ಇತ್ತು. ನಾನು ಅದನ್ನು ಎತ್ತಿಕೊಂಡಾಗ ಕಾಕು ನನ್ನ ಕೈಯನ್ನೇ ನೋಡಿದಳು, ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಒಳಗ ಇಡು, ತೊಳೀತೇನಿ" ಅಂದಳು.